ಹೆಬ್ಬಾಳ ಕೆರೆಯ ಕೆಸರಿಗಾಗಿ

ಮೈಸೂರಿನ ಹೆಬ್ಬಾಳ ಕೆರೆಯ ಉಸ್ತುವಾರಿ ಹೊತ್ತ ಮಾನ್ಯರೆ,

ಕೊಳಚೆ ತುಂಬಿ ನಾರುತ್ತಿದ್ದ ಕೆರೆಗೆ ಇನ್ಫೋಸಿಸ್ ಪ್ರತಿಷ್ಠಾನ 100 ಕೋಟಿ ರೂಪಾಯಿಗೂ ಮೀರಿ ಖರ್ಚು ಮಾಡಿತು, ಶುದ್ಧೀಕರಣ ಘಟಕವನ್ನೂ ಕಟ್ಟಿಸಿತು. ಮೂಗು ಮುಚ್ಚಿಕೊಳ್ಳದೆ ಕೆರೆಯ ಸುತ್ತ ನಡೆಯುವಂತಾಗಿದೆ. ಅದಕ್ಕೆ ಮನಸಾರೆ ವಂದನೆ. ಇನ್ನೊಂದೇ ಬೇಡಿಕೆ ಉಳಿದಿದೆ: ಕೆರೆಯ ಒಂದು ಮಗ್ಗುಲಲ್ಲಿ ಕೆಸರು ಉಳಿಸಿ.

ಕೇಳುತ್ತಿರುವುದು ಲಿಟಲ್ ಸ್ಟಿಂಟ್ ಎಂಬ ಪುಟ್ಟ ಹಕ್ಕಿಯ ಪರವಾಗಿ. ತೂಕ ಸುಮಾರು 25 ಗ್ರಾಂ, ಒಂದು ಹಿಡಿ ಅವಲಕ್ಕಿಯಷ್ಟು. ಮಳೆಗಾಲ ಇಳಿಯುವಾಗ ನಮ್ಮ ಸೀಮೆಯ ಕೆರೆಗಳಿಗೆ ಬರುತ್ತದೆ, ಬೇಸಿಗೆಯಲ್ಲಿ ಹೊರಡುತ್ತದೆ. ಅದು ಮೊಟ್ಟೆಯಿಡುವುದು ಆರ್ಕ್ಟಿಕ್ ಸಾಗರದ ದಂಡೆಯ ಟಂಡ್ರಾದಲ್ಲಿ, ಸೈಬೀರಿಯಾದ ತೈಮಿರ್ ಪರ್ಯಾಯ ದ್ವೀಪದಂಥ ಕಡೆ. ತೈಮಿರ್‌ನ ಚೆಲ್ಯುಸ್ಕಿನ್ ಭೂಶಿರವೇ ಯುರೇಷ್ಯಾದ ನೆಲ ಮುಗಿಯುವ ಉತ್ತರದ ತುದಿ; ಅಕ್ಷಾಂಶ 77 ಡಿಗ್ರಿಗೂ ಮೇಲೆ. ಮೈಸೂರು ಇರುವುದು 12ರಲ್ಲಿ.

ಆ ಟಂಡ್ರಾದಲ್ಲಿ ಕೆಲವೇ ಅಡಿ ಕೆಳಗೆ ನೆಲ ವರ್ಷವಿಡೀ ಹೆಪ್ಪುಗಟ್ಟಿರುತ್ತದೆ. ಹಾಗಾಗಿ ಬೇಸಿಗೆಯಲ್ಲಿ ಕರಗಿದ ನೀರು ಇಂಗುವುದಿಲ್ಲ. ನಾಡೆಲ್ಲ ಜೌಗು, ಜೌಗಿನ ತುಂಬ ಸೊಳ್ಳೆ. ಮರಿಗಳಿಗೆ ಅದೇ ಹಬ್ಬದೂಟ. ಆ ಸುಖವೂ ಪ್ರತಿವರ್ಷದ್ದಲ್ಲ. ಲೆಮಿಂಗ್ ಎಂಬ ಇಲಿಜಾತಿ ಅಲ್ಲಿ ಮೂರು ನಾಲ್ಕು ವರ್ಷಕ್ಕೊಮ್ಮೆ ಹುಲುಸಾಗಿ ಹೆಚ್ಚಿ ಮತ್ತೆ ಕುಸಿಯುತ್ತದೆ. ಕುಸಿದ ವರ್ಷ ಹಸಿದ ಹಿಮನರಿಗಳು ಹಕ್ಕಿಗೂಡುಗಳಿಗೆ ಬಾಯಿ ಹಾಕುತ್ತವೆ. ಅಲ್ಲಿನ ಇಲಿಗಳ ಏರಿಳಿತಕ್ಕೆ ತಕ್ಕಂತೆ ದಕ್ಷಿಣಕ್ಕೆ ಬರುವ ಎಳೆಹಕ್ಕಿಗಳು ಹೆಚ್ಚು ಕಡಿಮೆಯಾಗುವುದು ಎಷ್ಟು ಅದ್ಭುತ!

ಆ ನೆಲದಲ್ಲಿ ಜನರೂ ಇದ್ದಾರೆ. ಕಾಡು ಹಿಮಸಾರಂಗದ ಬೇಟೆಯನ್ನೇ ನಂಬಿ ಬಾಳಿದ ಗನಾಸನರು ಈಗ ಸಾವಿರ ಮಂದಿಯೂ ಇಲ್ಲ. ಪಕ್ಕದ ಡೋಲ್ಗನ್, ನೆನೆತ್ಸ್ ಜನ ಹಿಮಸಾರಂಗ ಸಾಕುತ್ತಾರೆ, ಮೀನು ಹಿಡಿಯುತ್ತಾರೆ. ಹೊಗೆಕೊಳವೆಗಳೂ ಅವರ ನೆರೆಯಲ್ಲೇ ಇವೆ: 2020ರ ಮೇ 29ರಂದು ಕೈಗಾರಿಕಾ ನಗರ ನೊರಿಲ್ಸ್ಕ್ ಬಳಿ ಇಂಧನದ ತೊಟ್ಟಿ ಕುಸಿದು ಸುಮಾರು 21,000 ಟನ್ ಡೀಸೆಲ್ ಸೋರಿತು, ಅಂಬರ್ನಾಯಾ ಹೊಳೆ ಕೆಂಪಾಯಿತು. ಕೈಗಾರಿಕಾ ಪ್ರದೇಶದ ಮಗ್ಗುಲಲ್ಲೇ ಕೆರೆ ಇಟ್ಟುಕೊಂಡ ನಮಗೆ ಅವರ ಸಂಕಟ ಅರ್ಥವಾಗಬೇಕು.

ಈಗ ನಮ್ಮ ಕೆರೆಯ ಮಾತು. ಊರಿನವರು ಬೇಸಾಯಕ್ಕೆ ತೂಬು ಎತ್ತುತ್ತಿದ್ದ ಕಾಲದಲ್ಲಿ ಸಂಕ್ರಾಂತಿಯ ನಂತರ ನೀರು ದಿನದಿನಕ್ಕೆ ಹಿಂದೆ ಸರಿದು ಕೆರೆಯಂಗಳ ಬಯಲಾಗುತ್ತಿತ್ತು. ಆ ಹಸಿ ಅಂಚಿನಲ್ಲೇ ಈ ಹಕ್ಕಿ ಓಡೋಡಿ ಹುಳು ಹೆಕ್ಕುತ್ತದೆ. ಅದರ ಕಾಲು ಬೆರಳುದ್ದವೂ ಇಲ್ಲ, ಈಜಿ ಹೊಟ್ಟೆ ಹೊರೆಯುವ ಬಾತುಕೋಳಿಯೂ ಅದಲ್ಲ. ಶುದ್ಧೀಕರಿಸಿದ ನೀರು ವರ್ಷವಿಡೀ ಹರಿದುಬಂದು, ದಡಕ್ಕೆಲ್ಲ ಕಲ್ಲು ಕಟ್ಟಿ, ಕೆರೆ ಸದಾ ಭರ್ತಿಯಾಗಿ ನಿಂತರೆ ನೋಡುವವರ ಕಣ್ಣಿಗೆ ಚೆಂದ; ಸ್ಟಿಂಟ್‌ಗೆ ಕಾಲೂರಲು ಜಾಗವಿಲ್ಲ. ನಗರದ ಕೆರೆಗಳನ್ನು ಉದ್ಧಾರ ಮಾಡುವಾಗೆಲ್ಲ ಈ ಅಂಚೇ ಮೊದಲು ಬಲಿಯಾಗುವುದು ನನಗೆ ನೋವಿನ ಸಂಗತಿ.

ಆದ್ದರಿಂದ ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ನೀರಿನ ಮಟ್ಟವನ್ನು ಸ್ವಲ್ಪ ಸ್ವಲ್ಪವೇ ಇಳಿಸಿ. ಇಳಿಜಾರು ಕಡಿಮೆಯಿರುವ ಒಂದು ದಡಕ್ಕೆ ಕಲ್ಲು, ಹುಲ್ಲುಹಾಸು, ದೀಪ ಯಾವುದೂ ಬೇಡ. ನಾಯಿಗಳು ಅತ್ತ ನುಗ್ಗದಂತೆ ಬೇಲಿ ಹಾಕಿಸಿ. ಮುಖ್ಯವಾಗಿ ಮಾರ್ಚ್, ಏಪ್ರಿಲ್‌ನಲ್ಲಿ ಅಲ್ಲಿ ಹೂಳೆತ್ತುವ ಕೆಲಸ ಇಟ್ಟುಕೊಳ್ಳಬೇಡಿ. ಸಾವಿರಾರು ಕಿಲೋಮೀಟರ್ ಹಾರಲು ಈ ಹಕ್ಕಿಗಳು ಮೈಯಲ್ಲಿ ಕೊಬ್ಬು ತುಂಬಿಕೊಳ್ಳುವುದು ಆಗಲೇ.

ಇಂತಿ,
ಹೆಬ್ಬಾಳದ ಒಬ್ಬ ನಿವಾಸಿ