ಒಂಟಿ ಆಟದ ಯಜಮಾನರು

ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಬೇಯಿಸುವ ಕಾಲದಲ್ಲಿ ರಾತ್ರಿ ಓಡಾಡಿದವರಿಗೆ ಈ ಯಜಮಾನರು ಸಿಕ್ಕೇ ಸಿಕ್ಕಿರುತ್ತಾರೆ. ಬ್ಯಾರನ್ ಮುಂದೆ ತಾಡಪಾಲು ಹಾಸಿ, ಕಿವಿ ಮುಚ್ಚುವಂತೆ ಮಫ್ಲರ್ ಸುತ್ತಿ, ಎರಡು ಕಟ್ಟು ಇಸ್ಪೀಟು ಹರಡಿಕೊಂಡು ಕೂತಿರುತ್ತಾರೆ. ಎದುರಿಗೆ ಆಡುವವರು ಯಾರೂ ಇರುವುದಿಲ್ಲ. ಬ್ಯಾರನ್‌ಗೆ ಒಮ್ಮೆ ಸೊಪ್ಪು ಏರಿಸಿದರೆ ಐದಾರು ದಿನ ಹಗಲೂ ರಾತ್ರಿ ಬೆಂಕಿ ಕಾಯಬೇಕು. ಎಲೆಗೆ ಹಳದಿ ಬರುವ ತನಕ ಸಣ್ಣ ಕಾವು, ಆಮೇಲೆ ಒಂದಿಷ್ಟೇ ಏರಿಸುತ್ತ ಹೋಗಿ, ನಡುನರ ಒಣಗುವ ಹೊತ್ತಿಗೆ ಥರ್ಮಾಮೀಟರು 160 ಡಿಗ್ರಿ ಫ್ಯಾರನ್‌ಹೀಟ್ ಹತ್ತಿರ ನಿಲ್ಲಬೇಕು. ಮಲಗುವ ಹಾಗಿಲ್ಲ, ಕೂತಲ್ಲಿ ಮಾಡುವ ಕೆಲಸವೂ ಇಲ್ಲ.

ಮಗನ ಕಂಪ್ಯೂಟರಿನಲ್ಲಿ ಅವರು ಮೊದಲು ನೋಡಿದ್ದು 1990ರಲ್ಲಿ ವಿಂಡೋಸ್ 3.0 ಜತೆ ಬಂದ ಸಾಲಿಟೇರ್. ಏಳು ಸಾಲಿನ ಆ ಆಟವನ್ನು ‘ಮಕ್ಕಳಿಗೆ ಮೌಸ್ ಹಿಡಿಯೋದು ಕಲ್ಸೋಕೆ ಸರಿ’ ಎಂದು ತಳ್ಳಿಬಿಟ್ಟರು. ಹಿಡಿಸಿದ್ದು ಸ್ಪೈಡರ್. ಅದರಲ್ಲೂ ನಾಲ್ಕು ಜಾತಿಯದು. ಪರದೆ ಕಣ್ಣಿಗೆ ಆಗಲಿಲ್ಲವೆಂದು ಅದನ್ನು ತಾಡಪಾಲಿಗೆ ಇಳಿಸಿಕೊಂಡರು.

ಹೇಗೆ ಆಡುವುದು ಎಂದು ನೀವು ಕೇಳಬೇಕಾಗಿಲ್ಲ. ಬೀಡಿಗೆ ಬೆಂಕಿ ಕೇಳಲು ನಿಂತರೂ ಸಾಕು, ಪಾಠ ಶುರು. ಜೋಕರ್ ತೆಗೆದು 104 ಎಲೆ. ಹತ್ತು ಸಾಲು. ಮೊದಲ ನಾಲ್ಕಕ್ಕೆ ಆರಾರು, ಮಿಕ್ಕವಕ್ಕೆ ಐದೈದು. ಕೊನೆಯದೊಂದು ಮಾತ್ರ ಅಂಗಾತ, ಉಳಿದದ್ದೆಲ್ಲ ಬೋರಲು. ಕೈಯಲ್ಲಿ ಉಳಿದ 50 ಎಲೆ ಐದು ಕಂತಿನಲ್ಲಿ, ಸಾಲಿಗೊಂದರಂತೆ ಬೀಳುತ್ತವೆ. ರಾಜನಿಂದ ಎಕ್ಕದವರೆಗೆ ಒಂದೇ ಜಾತಿಯ ಹದಿಮೂರು ಸೇರಿದರೆ ಆ ಕಟ್ಟು ಆಚೆ. ಅಂಥ ಎಂಟು ಕಟ್ಟು ಕಟ್ಟಿದರೆ ಗೆದ್ದಂತೆ. ಇಳಿಸುವಾಗ ಆಟೀನ್ ಎಂಟರ ಮೇಲೆ ಕಳಾವರ್ ಏಳು ಕೂರಿಸಬಹುದು, ತಪ್ಪಿಲ್ಲ. ಆದರೆ ಗುಂಪಾಗಿ ಎತ್ತಿ ಇನ್ನೊಂದು ಸಾಲಿಗೆ ಹಾಕಬೇಕಾದರೆ ಎಲ್ಲ ಒಂದೇ ಜಾತಿ ಇರಬೇಕು. ‘ಎಲೆಕ್ಷನ್ ಥರ ಕಣಪ್ಪ, ವೇದಿಕೆ ಮ್ಯಾಲೆ ಯಾರ ಪಕ್ಕ ಯಾರಾದ್ರೂ ಕೂರ್ತಾರೆ, ಎದ್ದೋಗುವಾಗ ಮಾತ್ರ ಅವರವರೇ.’

ಇಷ್ಟು ಹೇಳಿದ ಮೇಲೆ ಗುಟ್ಟು ಬರುತ್ತದೆ, ದನಿ ತಗ್ಗುತ್ತದೆ. ಹೊಸಬರು ಕಂತು ಹಾಕಲು ಅವಸರ ಮಾಡುತ್ತಾರೆ, ಹಾಕಬಾರದು. ಕಡಿಮೆ ಬೋರಲಿರುವ ಸಾಲನ್ನು ಹಿಡಿದು, ಅದನ್ನೇ ಕೆದಕಿ ಮೊದಲು ಖಾಲಿ ಮಾಡಬೇಕು. ಖಾಲಿಯಾದ ಕಡೆ ಕೈಗೆ ಸಿಕ್ಕಿದ ರಾಜನನ್ನು ತಂದು ಕೂರಿಸಿದರೆ ಕೆಟ್ಟಿತು, ಅವನು ಎಕ್ಕ ಬರುವ ತನಕ ಏಳುವುದಿಲ್ಲ. ಖಾಲಿ ಜಾಗ ಇರುವುದು ಜಾತಿ ಬೆರೆತ ಸಾಲುಗಳನ್ನು ಬಿಡಿಸಿ ಸರಿ ಮಾಡಲು. ಕಂತು ಹಾಕುವಾಗ ಯಾವ ಸಾಲೂ ಖಾಲಿ ಇರಕೂಡದು ಎಂಬುದು ಕಾನೂನು. ಆದ್ದರಿಂದ ಖಾಲಿ ಜಾಗದ ಸುಖವನ್ನೆಲ್ಲ ಅದಕ್ಕೆ ಮೊದಲೇ ಅನುಭವಿಸಿಬಿಡಬೇಕು. ನಿಜ ಹೇಳಬೇಕೆಂದರೆ ಇದು ಒಳ್ಳೆಯ ಪಾಠ. ಹೇಳುವವರು ಇದನ್ನು ಪಾಲಿಸಿ ಗೆದ್ದದ್ದನ್ನು ಕಂಡವರಿಲ್ಲ, ಅಷ್ಟೆ.

ನೆಂಟರೆಲ್ಲ ಅವರ ಲೆಕ್ಕದಲ್ಲಿ ಕಡಿಮೆ ದರ್ಜೆಯವರು. ಕೆ.ಆರ್. ನಗರದ ಭಾವಮೈದ ಒಂದೇ ಜಾತಿಯ ಸ್ಪೈಡರ್ ಆಡಿ ದಿನಾ ಗೆಲ್ಲುತ್ತಾನೆ: ‘ನಾಲೆ ನೀರಿನ ಗದ್ದೆಯೋನು, ಅವ್ನಿಗೇನು ಗೊತ್ತು.’ ಪಿರಿಯಾಪಟ್ಟಣದ ಬೀಗರು ಎಲೆ ಮುಟ್ಟುವುದೇ ಇಲ್ಲ. ಶುಂಠಿ ಹಾಕಿದ್ದಾರೆ, ಅದೇ ಸಾಕು. ಎಚ್.ಡಿ. ಕೋಟೆಯ ಅಳಿಯ ರಾಗಿ ಹೊಲದ ಅಟ್ಟಣೆ ಮೇಲೆ ಆನೆ ಕಾಯುತ್ತ ಮೊಬೈಲಿನಲ್ಲಿ ಫ್ರೀಸೆಲ್ ಆಡುತ್ತಾನೆ, ತಪ್ಪಿದರೆ ಹಿಂದಕ್ಕೆ ಒತ್ತುತ್ತಾನೆ. ಇದು ಯಜಮಾನರಿಗೆ ಹೇಸಿಗೆ. ಆದರೆ ಮೈಕ್ರೋಸಾಫ್ಟಿನ ಹಳೆಯ ಫ್ರೀಸೆಲ್‌ನ 32,000 ಆಟಗಳಲ್ಲಿ 11982ನೆಯದೊಂದನ್ನು ಬಿಡಿಸಲಾಗುವುದಿಲ್ಲ ಎಂದು ಆ ಅಳಿಯನೇ ಹೇಳಿದ್ದನ್ನು ಭದ್ರವಾಗಿ ಇಟ್ಟುಕೊಂಡಿದ್ದಾರೆ. ಈಗ ತಾವು ಸೋತದ್ದೆಲ್ಲ 11982ನೆಯದೇ. ಆ ಆಟವೇ ಬೇರೆ, ಅಲ್ಲಿ ಒಂದೇ ಕಟ್ಟು ಎಂದು ಹೇಳಹೋದವರಿಗೆ ಕಾಫಿ ಸಿಕ್ಕುವುದಿಲ್ಲ.

‘ಹಿಂದಕ್ಕೆ ಒತ್ತುವುದು’ ಕಾಗದದ ಎಲೆಯಲ್ಲಿ ಇಲ್ಲವೆಂಬುದು ಅವರ ಹೆಮ್ಮೆ. ಹತ್ತಿರ ಕೂತು ನೋಡಿದರೆ ಬೇರೆ ಸಂಗತಿ ಕಾಣುತ್ತದೆ. ಬೂದಿ ಬಿದ್ದಿದೆ ಎಂದು ಸಾಲಿನ ಮೇಲೆ ಬಾಗಿ ಉಫ್ ಎನ್ನುತ್ತಾರೆ. ಹಾಗೆ ಊದುವಾಗ ಎಡಗೈ ಹೆಬ್ಬೆರಳಿನ ಉಗುರು ಬೋರಲು ಎಲೆಯ ಮೂಲೆಯನ್ನು ಒಂದು ಕೂದಲಿನಷ್ಟು ಎತ್ತುತ್ತದೆ. ಎತ್ತಿದ ಕ್ಷಣ ಕಣ್ಣು ಮಾತ್ರ ಥರ್ಮಾಮೀಟರಿನ ಕಡೆಗಿರುತ್ತದೆ. ಬಿದ್ದ ಬೂದಿ ಯಾವಾಗಲೂ ಬೇಕಾದ ಸಾಲಿನ ಮೇಲೆಯೇ ಬಿದ್ದಿರುತ್ತದೆ.

ಯುಗಾದಿ ಬಂದರೆ ಊರಿಗೆ ಊರೇ ಎಲೆ ಹಿಡಿಯುತ್ತದೆ, ಪೊಲೀಸರೂ ಬರುತ್ತಾರೆ. 1963ರ ಕರ್ನಾಟಕ ಪೊಲೀಸ್ ಕಾಯ್ದೆಯ 87ನೇ ಕಲಂ ಹೆಸರು ಕೇಳಿದ್ದೇ ಅರಳಿಕಟ್ಟೆ ಖಾಲಿ. ಯಜಮಾನರು ಮಾತ್ರ ಜಗಲಿ ಬಿಟ್ಟು ಅಲ್ಲಾಡುವುದಿಲ್ಲ. ‘ಎದುರು ಆಡೋರು ಯಾರು?’ ಎಂದರೆ ‘ನಾನೇ’. ‘ದುಡ್ಡು?’ ಎಂದರೆ ‘ಎಡಗೈಯಿಂದ ಬಲಗೈಗೆ’. ಮೇಲೊಂದು ಉಪನ್ಯಾಸ: ಮುಮ್ಮಡಿ ಕೃಷ್ಣರಾಜ ಒಡೆಯರು ಶ್ರೀತತ್ತ್ವನಿಧಿಯ ಕೌತುಕನಿಧಿಯಲ್ಲಿ ಗಂಜೀಫಾ ಆಟಗಳನ್ನೇ ವಿವರಿಸಿದ್ದಾರೆ, ಹದಿಮೂರು ಬಗೆ, ಅದರಲ್ಲಿ ಕೆಲವಕ್ಕೆ ಹದಿನೆಂಟು ಜಾತಿ ಎಲೆ. ‘ದೊರೆಗಳು ಹದಿನೆಂಟು ಜಾತೀನ ಆಡ್ಸುದ್ರು, ನಾವು ನಾಲ್ಕಕ್ಕೇ ಸ್ಟೇಷನ್ನಿಗೆ ಬರ್ಬೇಕಾ?’ ಮಾತು ಮುಗಿಯುವ ಹೊತ್ತಿಗೆ ಪೇದೆ ಕುಕ್ಕರಗಾಲಲ್ಲಿ ಕೂತು ಡೈಮಂಡ್ ಒಂಬತ್ತನ್ನು ಬೆರಳು ಮಾಡಿ ತೋರಿಸುತ್ತಿರುತ್ತಾನೆ.

ಒಂಟಿ ಆಟ ಎಂಬುದು ಹೆಸರಿಗೆ. ನೋಡುವವರು ಬೇಕೇ ಬೇಕು. ಬಾಯಿ ಬಿಡುವವರು ಮಾತ್ರ ಬೇಡ.

ಬ್ಯಾರನ್ ಮುಂದೆ ನಡುರಾತ್ರಿ ನಾಲ್ಕು ಕಂತು ಮುಗಿದು, ಯಜಮಾನರು ಗಲ್ಲಕ್ಕೆ ಕೈ ಕೊಟ್ಟು ಕೂತಿದ್ದಾಗ ಮನೆಯಿಂದ ಯಜಮಾನಿತಿ ಟೀ ತರುತ್ತಾರೆ. ಲೋಟ ಇಡುತ್ತ ಒಂದೇ ನೋಟಕ್ಕೆ, ‘ಆ ಆಟೀನ್ ಆರನ್ನ ಈ ಆಟೀನ್ ಏಳರ ಮ್ಯಾಲೆ ಇಕ್ಕುದ್ರೆ ಅಡೀದು ತೆರ್ಕತದಲ್ಲ?’ ಎನ್ನುತ್ತಾರೆ. ಅದು ಸರಿಯಾದ ಎಲೆ. ಅದನ್ನು ಇಟ್ಟರೆ ಆಟ ಉಳಿಯುತ್ತದೆ. ‘ನಂಗೂ ಕಂಡದೆ, ನೀ ಸುಮ್ನಿರು’ ಎಂದವರು, ಆರನ್ನು ಮುಟ್ಟದೆ ಕೈಯಲ್ಲಿದ್ದ ಕೊನೇ ಕಂತನ್ನು ಚಕಚಕ ಹಾಕಿಬಿಡುತ್ತಾರೆ. ಏಳರ ಮೇಲೆ ಕಳಾವರ್ ರಾಜ ಬಂದು ಕೂರುತ್ತಾನೆ.

‘ನೋಡ್ದಾ? ಇದು ಹನ್ನೊಂದು ಸಾವಿರದ ಒಂಬೈನೂರ ಎಂಬತ್ತೆರಡ್ನೇದು.’

‘ಅದ್ಯಾವ ನಂಬರಾದ್ರೂ ಆಗ್ಲಿ, ಥರ್ಮಾಮೀಟ್ರು ನೂರಿಪ್ಪತ್ತಕ್ಕೆ ಇಳ್ದದೆ, ಮೊದ್ಲು ಎದ್ದು ಸೌದೆ ಹಾಕಿ.’