ನಾಯಿಸಹಿತ ಚಾರಣದಿಂದ ತಾರಸಿ ತೋಟದವರೆಗೆ: ಶಿವಾಜಿನಗರದ ಒಂದು ದಾಂಪತ್ಯದ ಸಾಂಸ್ಕೃತಿಕ ಅಧ್ಯಯನ

ಪೀಠಿಕೆ

ಬೆಂಗಳೂರು ದಂಡುಪ್ರದೇಶದ ಬಗ್ಗೆ ಈವರೆಗೆ ಬಂದಿರುವ ಅಧ್ಯಯನಗಳೆಲ್ಲ ಚರ್ಚು, ಮಸೀದಿ, ಬಂಗಲೆ, ಬಿರಿಯಾನಿಗಳ ಸುತ್ತಲೇ ಗಿರಕಿ ಹೊಡೆದಿವೆ. ರಸೆಲ್ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ, ಎರಡನೇ ಮಹಡಿಯ ಬಾಡಿಗೆ ಮನೆಯಲ್ಲಿರುವ ಗಂಡ, ಹೆಂಡತಿ ಮತ್ತು ಒಂದು ನಾಯಿ ಭಾನುವಾರ ಏನು ಮಾಡುತ್ತಾರೆ ಎಂಬ ಮೂಲಭೂತ ಪ್ರಶ್ನೆಯನ್ನು ಯಾವ ವಿದ್ವಾಂಸನೂ ಕೈಗೆತ್ತಿಕೊಂಡಿಲ್ಲ. ಆ ಕೊರತೆ ನೀಗಲೆಂದು ಈ ಪ್ರಬಂಧ. ಪ್ರಬಂಧಕಾರನು ಅದೇ ಕಟ್ಟಡದ ಮೊದಲನೇ ಮಹಡಿಯ ನಿವಾಸಿ. ಮೇಲಿನಿಂದ ಸೋರುವ ನೀರು, ಉದುರುವ ಮಣ್ಣು ಮತ್ತು ಕೇಳಿಬರುವ ಮಾತು, ಈ ಮೂರೂ ಅವನ ಪ್ರಾಥಮಿಕ ಆಕರಗಳು. ಮೆಟ್ಟಿಲ ಮೇಲೆ ನಡೆಸಿದ ಸಂದರ್ಶನಗಳನ್ನು ಮೌಖಿಕ ಆಕರವೆಂದು ಪರಿಗಣಿಸಲಾಗಿದೆ.

ಸಂಶೋಧನಾ ನೀತಿಗೆ ಅನುಸಾರವಾಗಿ ಮನುಷ್ಯರನ್ನು ಪತಿ, ಪತ್ನಿ ಎಂದಷ್ಟೇ ಕರೆಯಲಾಗಿದೆ. ನಾಯಿಯ ಹೆಸರು ಶೇರು. ಮಾಂಸದಂಗಡಿಗಳ ಸಾಲಿನಲ್ಲಿ ಹುಟ್ಟಿ, ಬೋಟಿ ತಿಂದು ಬೆಳೆದು, ಒಂದು ಮಳೆಗಾಲದಲ್ಲಿ ಇವರ ಹಿಂದೆ ಮೆಟ್ಟಿಲು ಹತ್ತಿಬಂದ ಪ್ರಾಣಿ. ಭಾಷಾಶಾಸ್ತ್ರದ ದೃಷ್ಟಿಯಿಂದ ಅದು ಅಪ್ಪಟ ಶಿವಾಜಿನಗರದ್ದು: ‘ಆಜಾ’ ಅಂದರೆ ಬರುತ್ತದೆ, ‘ಪೋಡಾ’ ಅಂದರೆ ಹೋಗುತ್ತದೆ, ‘ಸ್ನಾನ’ ಅಂದರೆ ಮಂಚದಡಿ ಸೇರುತ್ತದೆ.

ಪೂರ್ವಸೂರಿಗಳು

ಕನ್ನಡದಲ್ಲಿ ನಾಯಿಪ್ರೇಮದ ಅತ್ಯಂತ ಘನವಾದ ದಾಖಲೆ ಕಲ್ಲಿನದು. ಮದ್ದೂರು ತಾಲ್ಲೂಕಿನ ಆತಕೂರಿನ ಈ ಶಾಸನ ಹತ್ತನೇ ಶತಮಾನದ್ದು. ಈಗ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಶಿವಾಜಿನಗರದಿಂದ ನಡೆದೇ ಹೋಗಬಹುದು. ತಕ್ಕೋಲದ ಕಾಳಗದಲ್ಲಿ ಶೌರ್ಯ ತೋರಿದ ಮಣಲೆರನನ್ನು ಅರಸ ಮೆಚ್ಚಿ, ಬೇಕಾದ್ದು ಬೇಡಿಕೋ ಎಂದ. ಮಣಲೆರ ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ಮುಂದೆ ಕಾಡುಹಂದಿಯೊಂದಿಗೆ ಸೆಣಸಿತು, ಎರಡೂ ಸತ್ತವು. ಮಣಲೆರ ಅದಕ್ಕೊಂದು ಕಲ್ಲು ನಿಲ್ಲಿಸಿದ, ಭೂಮಿ ಬಿಡಿಸಿದ, ಆ ಕಲ್ಲಿಗೆ ಪೂಜೆ ಮಾಡದೆ ಉಣ್ಣುವ ಗೊರವನಿಗೆ (ಪೂಜಾರಿಗೆ) ಪಾಪ ತಟ್ಟುತ್ತದೆಂದು ಕೆತ್ತಿಸಿಯೂ ಬಿಟ್ಟ. ಇತಿಹಾಸಕಾರರು ಈ ಕಲ್ಲಿನಲ್ಲಿ ಗಂಗ, ರಾಷ್ಟ್ರಕೂಟ, ಚೋಳರ ರಾಜಕೀಯವನ್ನೆಲ್ಲ ಓದಿದ್ದಾರೆ. ಮಣಲೆರನ ಹೆಂಡತಿ ಏನೆಂದಳು ಎಂದು ಮಾತ್ರ ಒಬ್ಬರೂ ಕೇಳಿಲ್ಲ. ಗಂಡ ಯುದ್ಧ ಗೆದ್ದು ಬಂದಿದ್ದಾನೆ. ಏನು ಬೇಕೆಂದು ಸ್ವತಃ ಅರಸನೇ ಕೇಳಿದ್ದಾನೆ. ಇವನು ನಾಯಿ ಹಿಡಿದುಕೊಂಡು ಮನೆಗೆ ಬಂದಿದ್ದಾನೆ. ಕನ್ನಡ ಶಾಸನಶಾಸ್ತ್ರದ ಅತಿದೊಡ್ಡ ಮೌನ ಇದು.

ನಾಯಿಯೊಂದಿಗೆ ಬೆಟ್ಟ ಹತ್ತಿದ ಮೊದಲಿಗ ಧರ್ಮರಾಯ ಎಂಬುದರಲ್ಲಿ ವಿವಾದವಿಲ್ಲ. ಕುಮಾರವ್ಯಾಸ ಗದಾಪರ್ವಕ್ಕೇ ಕೈಬಿಟ್ಟದ್ದರಿಂದ ಕನ್ನಡಿಗರು ಮಹಾಪ್ರಸ್ಥಾನದ ಚಾರಣಕ್ಕೆ ಉಳಿದ ಪರ್ವಗಳನ್ನು ಪೂರೈಸಿದ ತಿಮ್ಮಣ್ಣ ಕವಿಯ ತನಕ ಕಾಯಬೇಕಾಯಿತು. ಕೊನೆಯಲ್ಲಿ ಇಂದ್ರ ರಥ ತಂದು ನಿಲ್ಲಿಸಿ, ನೀನು ಹತ್ತು, ನಾಯಿ ಬೇಡ ಎನ್ನುತ್ತಾನೆ. ಬಾಡಿಗೆ ಕಾರು ಕರೆಸಿದ ನಾಯಿಮಾಲೀಕರಿಗೆಲ್ಲ ಈ ಸಂಭಾಷಣೆ ಬಾಯಿಪಾಠ.

ದಂಡಿನಲ್ಲಿ ನಡೆದ ಪ್ರಯೋಗವೂ ಇದೆ. 1896ರಲ್ಲಿ ಇಲ್ಲಿಗೆ ಬಂದ ತರುಣ ಸೇನಾಧಿಕಾರಿ ವಿನ್‌ಸ್ಟನ್ ಚರ್ಚಿಲ್ ಗುಲಾಬಿ ಬೆಳೆಸಿದ, ಚಿಟ್ಟೆ ಕೂಡಿಟ್ಟ. ಚಿಟ್ಟೆಗಳನ್ನೆಲ್ಲ ಇಲಿ ತಿಂದಿತು. ಇಲಿಯನ್ನು ಅವನ ಟೆರಿಯರ್ ನಾಯಿ ಕೊಂದಿತು. ಬೆಂಗಳೂರು ಕ್ಲಬ್ಬಿನಲ್ಲಿ ಅವನ ಹೆಸರಿಗೆ 13 ರೂಪಾಯಿ ಬಾಕಿ ಉಳಿಯಿತು. ತೋಟ, ನಾಯಿ, ಸಾಲ ಮೂರೂ ಇದ್ದೂ ಆತ ಆಗಿನ್ನೂ ಅವಿವಾಹಿತನಾಗಿದ್ದ ಕಾರಣ ಈ ಪ್ರಕರಣವನ್ನು ಅಧ್ಯಯನದಿಂದ ಕೈಬಿಡಲಾಗಿದೆ.

ನಮ್ಮ ಪತಿಗೆ ನಾಯಿಯೊಂದಿಗೆ ಕಾಡು ಸುತ್ತುವ ಗೀಳು ಹತ್ತಿದ್ದು ಮೂಡಿಗೆರೆಯಿಂದ. ಪಿಯುಸಿಯಲ್ಲಿ ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’, ‘ಪರಿಸರದ ಕತೆ’ ಓದಿ, ಕಿವಿ ಎಂಬ ನಾಯಿಯನ್ನು ಮನಸ್ಸಿಗೆ ಹಚ್ಚಿಕೊಂಡವನು. ಕಾಡಿನ ಮಧ್ಯೆ ಮನೆ ಮಾಡಿಕೊಂಡು ತೇಜಸ್ವಿಯವರ ಮಡದಿ ರಾಜೇಶ್ವರಿಯವರಂತೆ ಜೊತೆಗೆ ನಿಲ್ಲುವ ಹೆಂಡತಿ ಸಿಕ್ಕಿದರೆ ಮಾತ್ರ ಆ ಬದುಕು ನಡೆಯುತ್ತದೆ ಎಂಬ ಅಂಶವನ್ನು ಕನ್ನಡದ ಗಂಡಸರು ಓದುವಾಗ ಹಾರಿಸಿಬಿಡುತ್ತಾರೆ.

ಕ್ಷೇತ್ರಕಾರ್ಯ

ಚಾರಣದ ಹಿಂದಿನ ರಾತ್ರಿ ಸಿದ್ಧವಾದ ಸಾಮಾನಿನ ಪಟ್ಟಿಗೆ ಎರಡು ಪಾಠಗಳಿವೆ. ಪತಿಯ ಪಾಠದಲ್ಲಿ ಟೆಂಟು, ಹಣೆಗೆ ಕಟ್ಟುವ ಟಾರ್ಚು, ಊರುಗೋಲು ಎರಡು, ಕೊಳವೆಯಿಂದ ಹೀರುವ ನೀರಿನ ಚೀಲ, ನಾಯಿಯ ಬೂಟು. ಪತ್ನಿಯ ಪಾಠದಲ್ಲಿ ಚಪಾತಿ, ಚಟ್ನಿಪುಡಿ, ಹಳೇ ಬೆಡ್‌ಶೀಟು, ಅಮೃತಾಂಜನ. ‘ನಾಯಿಯ ಬೂಟು’ ಎಂಬ ಸಾಲು ಪ್ರಕ್ಷಿಪ್ತವೆಂದು ಪತ್ನಿಯ ಖಚಿತ ಅಭಿಪ್ರಾಯ. ಎಲ್ಲವನ್ನೂ 60 ಲೀಟರಿನ ಬೆನ್ನುಚೀಲಕ್ಕೆ ತುಂಬಿ, ಸಾವನದುರ್ಗಕ್ಕೆಂದು ಮಾಗಡಿಯ ಬಸ್ಸು ಹತ್ತಿದರು.

ಈ ಹಂತದಲ್ಲಿ ಸಾರಿಗೆ ಅರ್ಥಶಾಸ್ತ್ರವನ್ನು ತುಸು ವಿವರಿಸಬೇಕು. ಕೆಎಸ್‌ಆರ್‌ಟಿಸಿ ಮೊದಲು ಸಾಕುನಾಯಿಗೆ ಪೂರ್ತಿ ಟಿಕೆಟ್ ಹರಿಯುತ್ತಿತ್ತು. 2022ರಲ್ಲಿ ನಿಯಮ ಸಡಿಲಿಸಿ ಅರ್ಧಕ್ಕಿಳಿಸಿತು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದು ಹೆಂಗಸರ ಪ್ರಯಾಣ ಉಚಿತವಾಯಿತು. ಈ ಎರಡು ಧಾರೆಗಳು ಎಲ್ಲಿ ಕೂಡುತ್ತವೆಂಬುದು 2024ರ ಮಾರ್ಚಿನಲ್ಲಿ ಬೆಂಗಳೂರು–ಮೈಸೂರು ಬಸ್ಸಿನಲ್ಲಿ ಜಗಜ್ಜಾಹೀರಾಯಿತು. ಅಜ್ಜಿ, ಮೊಮ್ಮಗಳು ಪುಕ್ಕಟೆ ಕೂತರು. ಅವರ ಪಂಜರದ ನಾಲ್ಕು ಲವ್‌ಬರ್ಡ್‌ಗಳಿಗೆ ತಲಾ 111ರಂತೆ 444 ರೂಪಾಯಿ ಟಿಕೆಟ್ ಬಿತ್ತು. ನಮ್ಮ ದಂಪತಿಯ ವಿಷಯದಲ್ಲಿ ಕಂಡಕ್ಟರು ಇಡೀ ಕುಟುಂಬವ್ಯವಸ್ಥೆಯನ್ನು ಒಂದೇ ಸಾಲಿನಲ್ಲಿ ಹೇಳಿ ಮುಗಿಸಿದರು:

‘ಮೇಡಂ ಫ್ರೀ, ನಾಯಿ ಹಾಫು, ಸಾರ್ ಫುಲ್ಲು.’

‘ಹೆಣ್ಣು ನಾಯಿ ಆಗಿದ್ರೆ ಅದೂ ಫ್ರೀನಾ?’ ಎಂದಳು ಪತ್ನಿ.

‘ಆಧಾರ್ ತೋರ್ಸಿದ್ರೆ ಫ್ರೀ ಮೇಡಂ.’

ಸಾವನದುರ್ಗ 1226 ಮೀಟರ್ ಎತ್ತರದ ಬೋಳುಬಂಡೆ. ಬಿಸಿಲೇರಿದರೆ ಬಂಡೆ ಕಾದ ಕಾವಲಿ. ಮನುಷ್ಯರಿಗೆ ಬೂಟು ಇರುತ್ತದೆ, ನಾಯಿಗೆ ಬರಿಗಾಲು. ಬೆಳಕು ಹರಿಯುವ ಮುಂಚೆ ಹತ್ತಲು ಶುರುಮಾಡಬೇಕು, ಅಂಗೈಯನ್ನು ಬಂಡೆಗೆ ಒತ್ತಿ ತಾಳಲಾಗದಿದ್ದರೆ ನಾಯಿಯನ್ನು ಹತ್ತಿಸಬಾರದು. ಇಷ್ಟು ವಿವೇಕ ಪತಿಗೂ ಇತ್ತು. ಆದರೆ ತಿಂಡಿ ಮುಗಿಸಿ ಹೊರಡೋಣ ಎಂಬಲ್ಲಿ ಹೊತ್ತು ಏರಿತು. ಬೂಟು ತೊಡಿಸಿದರೆ ಶೇರು ಕಾಲನ್ನು ಅಂಟಿನಲ್ಲಿ ಸಿಕ್ಕಿಸಿಕೊಂಡಂತೆ ಒಂದೊಂದಾಗಿ ಎತ್ತಿ ಒದರಿತು, ಕೊನೆಗೆ ಕೂತೇ ಬಿಟ್ಟಿತು. ಬೋಟಿಯ ಮೇಲೆ ಬೆಳೆದ ನಾಯಿಗೆ ಗಾಳಿ, ನೋಟ, ಕೆಂಪೇಗೌಡರ ಕೋಟೆ ಯಾವುದರಲ್ಲೂ ಆಸಕ್ತಿ ಹುಟ್ಟಲಿಲ್ಲ. ಚೀಲದ ಸಾಮಾನನ್ನೆಲ್ಲ ಪತ್ನಿಯ ಹೆಗಲಿಗೆ ದಾಟಿಸಿ, ಖಾಲಿ ಚೀಲದಲ್ಲಿ ನಾಯಿಯನ್ನು ಕೂರಿಸಿ, ಪತಿ ಹೊತ್ತು ಇಳಿದ. ಚೀಲದ ಬಾಯಿಂದ ತಲೆ ಹೊರಗಿಟ್ಟ ಶೇರು ಮಾತ್ರ ಆ ದಿನ ಪ್ರಕೃತಿಯನ್ನು ನೋಡಿತು.

ಆಮೇಲೆ ಕುಮಾರಪರ್ವತದ ಮಾತೆದ್ದಿತು. ಅದು ಪುಷ್ಪಗಿರಿ ವನ್ಯಜೀವಿಧಾಮದೊಳಗಿದೆ, ಸಾಕುನಾಯಿಗೆ ಅಲ್ಲಿ ಜಾಗವಿಲ್ಲ. ಇದೊಂದು ವಿಷಯದಲ್ಲಿ ಪ್ರಬಂಧಕಾರ ತಮಾಷೆ ಬಿಟ್ಟು ಅರಣ್ಯ ಇಲಾಖೆಯ ಪರ ನಿಲ್ಲುತ್ತಾನೆ. ನಮ್ಮ ನಾಯಿಗಳ ಮೈಯಲ್ಲಿ ಸದ್ದಿಲ್ಲದೆ ಓಡಾಡುವ ಡಿಸ್ಟೆಂಪರ್ ವೈರಸ್ ಕಾಡಿನ ಪ್ರಾಣಿಗೆ ಹತ್ತಿದರೆ ಏನಾಗುತ್ತದೆಂಬುದನ್ನು 2018ರಲ್ಲಿ ಗಿರ್ ಕಾಡಿನ ಸಿಂಹಗಳು ಸತ್ತು ತೋರಿಸಿವೆ. ಲಾಲ್‌ಬಾಗ್ ನಾಯಿಯನ್ನು ಬಿಡುವುದಿಲ್ಲ, ಮೆಟ್ರೋ ಬಿಡುವುದಿಲ್ಲ. ಕಬ್ಬನ್ ಪಾರ್ಕು ಬಿಡುತ್ತದೆ. 2022ರಲ್ಲಿ ಅಲ್ಲೂ ನಿಷೇಧದ ಮಾತು ಬಂದು ನಾಯಿಪ್ರಿಯರ ಗಲಾಟೆಗೆ ಹಿಂದೆ ಸರಿಯಿತು. ಅಲ್ಲಿಗೆ ಹೋದ ಶೇರು ಶಾಂಪೂ ವಾಸನೆಯ ಲ್ಯಾಬ್ರಡಾರುಗಳನ್ನು ದೂರದಿಂದ ನೋಡಿ, ಒಂದು ಬೆಂಚಿನ ಕೆಳಗೆ ಮಲಗಿ, ವಾಪಸು ಬರುವಾಗ ಮಾತ್ರ ಹಗ್ಗ ಜಗ್ಗಿ ಓಡಿತು. ಸೀಖ್ ಕಬಾಬಿನ ಹೊಗೆ ಏಳುವ ಹೊತ್ತಿಗೆ ಶಿವಾಜಿನಗರ ತಲುಪಲೇಬೇಕೆಂಬುದು ಅದರ ದಿನಚರಿ. ಅದರ ಭೂಪಟದಲ್ಲಿ ಶಿಖರಗಳಿದ್ದರೆ ಅವು ವಾಸನೆಯ ಶಿಖರಗಳು, ಎಲ್ಲವೂ ಬಸ್‌ಸ್ಟ್ಯಾಂಡಿನ ಆಸುಪಾಸಿನವು.

ತಾರಸಿ ಯುಗ

ಹೀಗೆ ಹೊರಗಿನ ಬಾಗಿಲುಗಳು ಮುಚ್ಚುತ್ತ ಬಂದಾಗ ದಂಪತಿ ಮೇಲಕ್ಕೆ ನೋಡಿದರು. ತಾರಸಿ ತೋಟಕ್ಕೆ ಬೆಂಗಳೂರಿನಲ್ಲಿ ಗಟ್ಟಿ ಪರಂಪರೆಯಿದೆ. ಕೃಷಿ ವಿಜ್ಞಾನಿ ಡಾ. ಬಿ.ಎನ್. ವಿಶ್ವನಾಥ್ ಅವರು ಊರಿಗೆ ಇದನ್ನು ಹಚ್ಚಿದವರು; 2011ರಲ್ಲಿ ಶುರುವಾದ ‘ಊಟ ಫ್ರಂ ಯುವರ್ ತೋಟ’ ಸಂತೆಯಿಂದಾಗಿ ಎಷ್ಟೋ ಮನೆಗಳಲ್ಲಿ ಒಡೆದ ಬಕೆಟ್ಟುಗಳು ಗುಜರಿಗೆ ಹೋಗುವುದು ನಿಂತುಹೋಯಿತು.

ಶಿವಾಜಿನಗರದ ಶಾಖೆ ಇದಕ್ಕೆ ತನ್ನದೇ ಕಾಣಿಕೆ ಕೊಟ್ಟಿದೆ: ರಸೆಲ್ ಮಾರುಕಟ್ಟೆಯ ಮೀನಂಗಡಿಯವರು ಎಸೆಯುವ ಥರ್ಮಾಕೋಲ್ ಪೆಟ್ಟಿಗೆ. ತಳಕ್ಕೆ ತೂತು ಕೊರೆದು, ತೆಂಗಿನ ನಾರಿನ ಪುಡಿ, ಎರೆಗೊಬ್ಬರ, ಕೆಮ್ಮಣ್ಣು ಸಮಪಾಲು ಬೆರೆಸಿ ತುಂಬಿದರೆ ಹರಿವೆ, ಮೆಂತ್ಯಕ್ಕೆ ಅದಕ್ಕಿಂತ ಒಳ್ಳೆಯ ಪಾತಿಯಿಲ್ಲ: ಹಗುರ, ಬೇಗ ಕಾಯುವುದಿಲ್ಲ, ಪುಕ್ಕಟೆ. ದೋಷ ಒಂದೇ. ಎಷ್ಟು ತೊಳೆದರೂ ಬಂಗುಡೆಯ ನೆನಪು ಹೋಗುವುದಿಲ್ಲ. ಅದರ ಮೇಲೆ ಪತಿ ಗೊಬ್ಬರವೆಂದು ಎಲುಬಿನ ಪುಡಿಯನ್ನೂ ಹಾಕಿದ. ಬಂಗುಡೆಯ ಪೆಟ್ಟಿಗೆಯಲ್ಲಿ ಎಲುಬು ಹೂತಿಟ್ಟು, ಮೇಲೆ ನೀರು ಚಿಮುಕಿಸಿ, ನಾಯಿಯನ್ನು ಜೊತೆಗೆ ಬಿಟ್ಟು ಬಾಗಿಲು ಹಾಕಿಕೊಂಡು ಹೋದರೆ ಆಗುವುದು ಕೃಷಿಯಲ್ಲ, ಪುರಾತತ್ತ್ವ ಉತ್ಖನನ. ಅಂದು ಸಂಜೆ ಪ್ರಬಂಧಕಾರನ ಕಿಟಕಿಯ ಮುಂದೆ ಮೆಂತ್ಯದ ಸಸಿಗಳು ಬೇರುಸಮೇತ ಇಳಿದುಬಂದವು. (ಎಲುಬಿನ ಪುಡಿ ಬಿಟ್ಟು ಹಿಂಡಿಗೆ ಹೋಗುವವರು ಬೇವಿನ ಹಿಂಡಿ ಹಾಕಿ. ಹರಳು ಹಿಂಡಿ ನಾಯಿಯ ಹೊಟ್ಟೆಗೆ ಹೋದರೆ ಪ್ರಾಣಕ್ಕೇ ಸಂಚಕಾರ. ಇದು ಪರಿಹಾಸವಲ್ಲ.)

ಟೊಮೆಟೊ ಅಧ್ಯಾಯ ದುರಂತದ್ದು. 2023ರ ಜುಲೈನಲ್ಲಿ ಕಿಲೋ ಟೊಮೆಟೊ ನೂರರ ಗಡಿ ದಾಟಿದಾಗ ಪತಿ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ತಳಿ ತಂದ. ಎಲೆಮುಟುರು, ದುಂಡಾಣು ಸೊರಗು, ಅಂಗಮಾರಿ, ಈ ಮೂರು ರೋಗಗಳನ್ನು ತಡೆದುಕೊಳ್ಳುವ ತಳಿ ಅದು. ಶೇರು ಎಂಬ ನಾಲ್ಕನೆಯದಕ್ಕೆ ವಿಜ್ಞಾನಿಗಳು ಏನೂ ಮಾಡಿರಲಿಲ್ಲ. ಉಳಿದ ಗಿಡಗಳು ಹಣ್ಣು ಬಿಡುವ ಹೊತ್ತಿಗೆ ಪೇಟೆಯಲ್ಲಿ ಬೆಲೆ ಬಿದ್ದಿತ್ತು.

ಗೆದ್ದದ್ದು ಸೀಮೆಬದನೆ. ಲಾಲ್‌ಬಾಗಿನ ಮುಖ್ಯಸ್ಥನಾಗಿದ್ದ ಜಾನ್ ಕ್ಯಾಮರಾನ್ 19ನೇ ಶತಮಾನದ ಕೊನೆಯಲ್ಲಿ ಈ ಊರಿಗೆ ತಂದು ಹಬ್ಬಿಸಿದ ಬಳ್ಳಿ. ತಮಿಳರು ಇಂದಿಗೂ ಅದಕ್ಕೆ ಬೆಂಗಳೂರಿನ ಹೆಸರನ್ನೇ ಇಟ್ಟು ಕರೆಯುತ್ತಾರೆ. ಯಾರ ಆರೈಕೆಯನ್ನೂ ಕೇಳದೆ ಅದು ನೀರಿನ ಟ್ಯಾಂಕು, ಕೇಬಲ್ಲು, ಪಕ್ಕದ ಕಟ್ಟಡದ ಡಿಶ್ಶು ಎಲ್ಲವನ್ನೂ ಆಕ್ರಮಿಸಿ ಬುಟ್ಟಿಗಟ್ಟಲೆ ಕಾಯಿ ಬಿಟ್ಟಿತು. ಶೇರುವೂ ಮೂಸಿ ನೋಡಿ ಬಿಟ್ಟ ಏಕೈಕ ಬೆಳೆ. ಕೆಳಗಿನ ಮನೆಗಳಿಗೆ ದಿನವೂ ಹಂಚಿಕೆಯಾಗುತ್ತದೆ. ಪ್ರಬಂಧಕಾರನ ಮನೆಯಲ್ಲಿ ಅದರ ಸಾಂಬಾರು, ಪಲ್ಯ, ಕೂಟು ಆಗಿ, ಈಗ ಸಿಪ್ಪೆಯ ಚಟ್ನಿಯ ಹಂತಕ್ಕೆ ಬಂದಿದೆ.

ಪೂರ್ವಪಕ್ಷ ಮತ್ತು ಸಿದ್ಧಾಂತ

1927ರಲ್ಲಿ ಕಟ್ಟಿದ ಮಾರುಕಟ್ಟೆ ಕೂಗಳತೆಯಲ್ಲಿರುವಾಗ ಸೊಪ್ಪು ಬೆಳೆಯುವುದೇಕೆ ಎಂಬುದು ಪೂರ್ವಪಕ್ಷ. ಪತ್ನಿ ತನ್ನ ಮೊದಲ ಹರಿವೆಯನ್ನು ಹಿಡಿದು ಸೊಪ್ಪಿನವಳಿಗೆ ತೋರಿಸಲು ಹೋದದ್ದಕ್ಕೆ ಪ್ರಬಂಧಕಾರನೇ ಸಾಕ್ಷಿ. ಸೊಪ್ಪಿನವಳು ಹೆಬ್ಬೆರಳು, ತೋರುಬೆರಳಿನ ನಡುವೆ ದಂಟನ್ನು ಒತ್ತಿ ನೋಡಿ, ‘ಅರ್ಧ ಕಟ್ಟಿಗೂ ಆಗಲ್ಲ ಕಣಕ್ಕ. ಆದ್ರೂ ಎಳೇದಿದೆ, ಚೆನ್ನಾಗಿ ಬೇಯತ್ತೆ’ ಎಂದಳು. ಅಂದಿನ ಮಟ್ಟಿಗೆ ಆ ಮಾತು ಪಿಎಚ್‌.ಡಿ. ಪದವಿಗೆ ಸಮವಾಗಿತ್ತು. ಪತ್ನಿ ಮನೆಗೆ ಬಂದು, ‘ರೀ, ನಮ್ಮ ಸೊಪ್ಪನ್ನ ಮಾರ್ಕೆಟ್ನೋರೇ ಒಪ್ಪಿದ್ರು’ ಎಂದು ಸಾರಿದಳು.

ಸಿದ್ಧಾಂತ ಇಷ್ಟು: ಮದುವೆಗೆ ವರ್ಷ ತುಂಬಿದಂತೆಲ್ಲ ದಂಪತಿಯ ತಿರುಗಾಟದ ದೂರ ಕುಗ್ಗುತ್ತದೆ, ಸಾಮಾನಿನ ತೂಕ ಕುಗ್ಗುವುದಿಲ್ಲ. ಏನನ್ನೂ ಯಾರೂ ಬಿಟ್ಟುಕೊಟ್ಟಿಲ್ಲ. ಊರುಗೋಲುಗಳು ಟೊಮೆಟೊಗೆ ಆಸರೆಯಾಗಿವೆ. ಹಣೆಯ ಟಾರ್ಚು ಕಟ್ಟಿಕೊಂಡು ಪತಿ ರಾತ್ರಿ ಬಸವನಹುಳು ಹೆಕ್ಕುತ್ತಾನೆ. ನೀರಿನ ಚೀಲ ಬಸಳೆಗೆ ಹನಿ ನೀರಾವರಿ. ಸಾವನದುರ್ಗದಲ್ಲಿ ನಾಯಿ ಕೂತಿದ್ದ ಬೆನ್ನುಚೀಲದಲ್ಲಿ ಈಗ ಪುದೀನ ಇದೆ. ಅದು ಉಳಿದ ಕುಂಡಗಳಿಗಿಂತ ಹುಲುಸಾಗಿದೆ, ಕಾರಣ ಸ್ಪಷ್ಟವಾಗಿಲ್ಲ. ನಲ್ಲಿಯಲ್ಲಿ ನೀರು ಬಾರದ ದಿನ ಕೆಳಗಿನ ಸಂಪಿನಿಂದ ಕ್ಯಾನು ಹೊತ್ತು ಮೆಟ್ಟಿಲು ಹತ್ತುವ ಪತ್ನಿ, ಕುಮಾರಪರ್ವತ ಹತ್ತಿದವರು ತನ್ನ ಮುಂದೆ ಮಾತಾಡಬಾರದು ಎನ್ನುತ್ತಾಳೆ. ಪತಿ ಅದೇ ಮೆಟ್ಟಿಲುಗಳನ್ನು ಮೊಬೈಲ್ ಆ್ಯಪಿನಲ್ಲಿ ‘ಚಾರಣ’ವೆಂದು ದಾಖಲಿಸುತ್ತಾನೆ, ಕ್ಯಾನು ಮಾತ್ರ ಅವಳೇ ಹೊರುತ್ತಾಳೆ. ಇಬ್ಬರಲ್ಲಿ ನಿಜವಾದ ಚಾರಣಿಗರು ಯಾರೆಂಬ ಬಗ್ಗೆ ಪ್ರಬಂಧಕಾರನಿಗೆ ಸಂಶಯ ಉಳಿದಿಲ್ಲ.

ಕೊನೆಯದಾಗಿ ಓದುಗರಲ್ಲಿ ಒಂದು ವಿನಂತಿ. ಇಬ್ಬರು ಮಲಗುವ ಟೆಂಟೊಂದು ಕೊಡುವುದಕ್ಕಿದೆ, ಹೆಚ್ಚು ಬಳಸಿಲ್ಲ. ಸದ್ಯ ಅದರೊಳಗೆ ಬೆಂಡೆಯ ಸಸಿಗಳಿವೆ, ಆಷಾಢ ಕಳೆದ ಮೇಲೆ ಖಾಲಿಯಾಗುತ್ತದೆ. ನಾಯಿಯ ನಾಲ್ಕು ಬೂಟು ಉಚಿತ. ಬಂದವರು ಚೀಲ ತರಬೇಕು, ತಲಾ ಐದು ಕಿಲೋ ಸೀಮೆಬದನೆಯನ್ನು ಕಡ್ಡಾಯವಾಗಿ ಒಯ್ಯಬೇಕು.