ಸರ್ಕಿಟ್ ಬಾಪು

ಜತ್ತ ತಾಲೂಕಿನ ಯಾವ ಊರಿಗೆ ಹೋದರೂ ಒಬ್ಬ ಸರ್ಕಿಟ್ ಬಾಪು ಸಿಗುತ್ತಾನೆ. ಯಳವಿಗೂ ಒಬ್ಬನಿದ್ದಾನೆ ಅಂದುಕೊಳ್ಳಿ. ಕಿಸೆಯಲ್ಲಿ ಟೆಸ್ಟರ್, ಬಾಯಲ್ಲಿ ಯೂಟ್ಯೂಬ್. ಮದುವೆ ಮನೆಯ ಮೈಕು ಕುಂಯ್ ಎಂದರೆ ಅಕ್ಷತೆ ಹಾಕುವುದನ್ನೂ ಬಿಟ್ಟು ಆಂಪ್ಲಿಫೈಯರ್ ಹಿಂದೆ ಹೋಗಿ ಕೂಡುತ್ತಾನೆ. ರಿಪೇರಿಗೆ ದುಡ್ಡು ಮುಟ್ಟುವವನಲ್ಲ. ಒಂದು ಕಪ್ ಚಹಾ, ಎದುರಾಡದ ನಾಲ್ಕು ಜನ ಇದ್ದರೆ ಸಾಕು.

ಹೊಲದ ತ್ರೀ-ಫೇಸ್ ಕರೆಂಟು ರಾತ್ರಿ ಪಾಳಿಗೆ ಬಿದ್ದಾಗ ದಾಳಿಂಬೆಗೆ ನೀರು ಬಿಡಲು ಬ್ಯಾಟರಿ ಹಿಡಿದು ಬಾವಿಗೆ ಹೋಗುವುದು ಇಲ್ಲಿಯ ರೈತರಿಗೆ ಹೊಸದಲ್ಲ. ಮನೆಯಲ್ಲೇ ಕೂತು ಮೊಬೈಲಿನಿಂದ ಮೋಟರ್ ಚಾಲೂ ಮಾಡಲು ಸಿಮ್ ಹಾಕಿದ ಸ್ಟಾರ್ಟರ್ ಪೇಟೆಯಲ್ಲಿ ಸಿಗುತ್ತದೆ. ಆದರೆ ಅದನ್ನು ಕೊಂಡರೆ ಬಾಪುವಿನ ಮರ್ಯಾದೆ ಏನಾದೀತು? "ಸಿಮ್‌ಗೆ ರಿಚಾರ್ಜ್ ಯಾರ ಮಾಡ್ಬೇಕು? ನಾ ರೇಡಿಯೋ ಮ್ಯಾಲೆ ಮೋಟರ್ ಚಾಲೂ ಮಾಡ್ತೇನಿ" ಎಂದು ಕಟ್ಟೆಯ ಮೇಲೆ ಸಾರಿದ. ಕೋಡು ಓಡಿಸುವ ಪುಟ್ಟ ಬೋರ್ಡು ಆರ್ಡುಯಿನೋ ನ್ಯಾನೋ, ಆಂಟೆನಾ ಇರುವ ಎನ್‌ಆರ್‌ಎಫ್24 ರೇಡಿಯೋ ಮಾಡ್ಯೂಲು ಬಂದವು. ಒಂದರ ತವರು ಇಟಲಿ, ಇನ್ನೊಂದರ ಚಿಪ್ಪಿನದು ನಾರ್ವೆ.

ರೇಡಿಯೋ ಗಾಳಿಯಲ್ಲಿ ಬಾವಿಯ ತನಕ ಕೂಗುವ ಮೊದಲು ಮಗ್ಗುಲಲ್ಲಿರುವ ನ್ಯಾನೋ ಜತೆ ತಂತಿಯಲ್ಲಿ ಮಾತಾಡಬೇಕು. ಆ ಪದ್ಧತಿಗೆ ಎಸ್‌ಪಿಐ ಎಂದು ಹೆಸರು. 1980ರ ದಶಕದಲ್ಲಿ ಮೋಟೊರೋಲಾ ಹಾಕಿಕೊಟ್ಟದ್ದು. ಕ್ಲಾಕಿನ ಪ್ರತಿ ಬಡಿತಕ್ಕೆ ಒಂದು ಬಿಟ್ ಅತ್ತ, ಒಂದು ಬಿಟ್ ಇತ್ತ. ಹೂಂಗುಡುವವರು ಇದ್ದಾರೋ ಇಲ್ಲವೋ ಎಂದು ವಿಚಾರಿಸುವ ರೂಢಿ ಅದರಲ್ಲಿಲ್ಲ. ಮಾಸ್ಟರ್, ಅಂದರೆ ಇಲ್ಲಿ ನ್ಯಾನೋ, ತನ್ನ ಪಾಡಿಗೆ ಹೇಳುತ್ತ ಹೋಗುತ್ತದೆ, ಖಾಲಿ ತಂತಿಯಲ್ಲಿ ಸಿಕ್ಕಿದ್ದನ್ನೇ ಉತ್ತರವೆಂದು ಬರೆದುಕೊಳ್ಳುತ್ತದೆ. ಬಾಪುವಿಗೆ ಈ ಪದ್ಧತಿ ತಕ್ಷಣ ಒಗ್ಗಿತು. ಮನೆಯಲ್ಲಿ ಅವನದೂ ಅದೇ.

ಆಗಷ್ಟೇ ಚಾಲೂ ಆದ ಚಿಪ್ಪಿನ ಸ್ಟೇಟಸ್ ಓದಿದರೆ 14 ಬರಬೇಕು. ಬಾಪುವಿಗೆ 255 ಬಂತು. "ನೋಡ್ರಿ, ಫುಲ್ ಸಿಗ್ನಲ್!" ಸ್ವಲ್ಪ ಹೊತ್ತಿಗೆ 0 ಬಂತು. "ದಣಿದೈತಿ, ಚೂರು ಆರಾಮ ಮಾಡ್ಲಿ." ಎರಡಕ್ಕೂ ಅರ್ಥ ಒಂದೇ: ಆ ಕಡೆಯಿಂದ ಯಾರೂ ಓಗೊಡುತ್ತಿಲ್ಲ.

ಆಮೇಲೆ ಬಾಪು ಲೈಬ್ರರಿ ಬದಲಿಸಿದ, ಕೋಡು ಬದಲಿಸಿದ, ಲ್ಯಾಪ್‌ಟಾಪು ಬದಲಿಸಿದ, ಕೊನೆಗೆ ತಾನು ಕೂಡುವ ದಿಕ್ಕನ್ನೂ ಬದಲಿಸಿದ. ಎಲ್ಲವನ್ನೂ ಒಟ್ಟಿಗೇ. ತಪ್ಪು ಮೊದಲು ಚೀನಾದವರ ಮೇಲೆ ಬಂತು, ನಂತರ ಗುಡ್ಡದ ಮೇಲಿನ ಗಾಳಿಯಂತ್ರಗಳ ಮೇಲೆ. ತಂತಿಯ ಮೇಲೆ ಮಾತ್ರ ಬರಲಿಲ್ಲ, ಯಾಕೆಂದರೆ ಅದನ್ನು ಸಿಕ್ಕಿಸಿದವನು ಬಾಪು.

ಐಟಿಐ ಕಲಿಯುವ ಅಕ್ಕನ ಮಗಳು ಬಂದು ಕೇಳಿದಳು: "ಮಾಮಾ, ಚಿಪ್ಪಿಗೆ ಕರೆಂಟ್ ಎಲ್ಲಿಂದ ಕೊಟ್ಟೀರಿ?"

ಬಾಪುವಿನ ಎದೆ ಉಬ್ಬಿತು. ಆಂಟೆನಾದ ಮಾಡ್ಯೂಲು ಕೂಗುವಾಗ 100 ಮಿಲಿಆಂಪಿಯರಿಗೂ ಹೆಚ್ಚು ಎಳೆಯುತ್ತದೆ, ನ್ಯಾನೋದ 3.3 ವೋಲ್ಟ್ ಪಿನ್ನಿಗೆ 50 ತಾಳುವುದೇ ಕಷ್ಟ. ಅದಕ್ಕೇ ಬೇರೆ ಎರಡು ಪೆನ್ಸಿಲ್ ಸೆಲ್ ಹಾಕಿದ್ದ. ಬುದ್ಧಿವಂತಿಕೆಯ ಕೆಲಸವೇ. ಆದರೆ ಸೆಲ್ಲಿನ ಮೈನಸ್ಸಿಗೂ ನ್ಯಾನೋದ ಗ್ರೌಂಡಿಗೂ ಸಂಬಂಧವೇ ಇರಲಿಲ್ಲ. ಸೊನ್ನೆ ಎಲ್ಲಿದೆ ಎಂಬುದರಲ್ಲೇ ಒಮ್ಮತವಿಲ್ಲದ ಮೇಲೆ ಒಂದು ಯಾವುದು ಎಂದು ಯಾರಿಗೆ ಗೊತ್ತಾಗಬೇಕು?

ಹುಡುಗಿ ಆ ಮೈನಸ್ಸು, ಗ್ರೌಂಡು ಎರಡರ ನಡುವೆ ಒಂದು ಕರಿ ತಂತಿ ಸಿಕ್ಕಿಸಿದಳು. ಇರಲಿ ಎಂದು ಮಾಡ್ಯೂಲಿನ ಪ್ಲಸ್-ಮೈನಸ್ ನಡುವೆ 10 ಮೈಕ್ರೋಫ್ಯಾರಡ್ ಕೆಪ್ಯಾಸಿಟರನ್ನೂ ಕೂಡಿಸಿದಳು. ಪರದೆಯ ಮೇಲೆ 14 ಮೂಡಿತು.

"ನೋಡ್ರೋ," ಬಾಪು ನಾಲ್ಕು ಜನರ ಕಡೆ ತಿರುಗಿದ, "ನಿನ್ನಿ ಹಾಕಿದ ಕೋಡ್ ಇವತ್ತ ಹಿಡೀತು!"

ಬಾಪುವನ್ನು ತಿದ್ದುವುದು ಆಗದ ಮಾತು, ಬಿಡುವುದೂ ಆಗದು. ಊರಿನ ಅರ್ಧ ಯಂತ್ರಗಳು ಓಡುವುದು ಅವನ ಕೈಯಿಂದಲೇ, ಉಳಿದರ್ಧ ನಿಂತಿರುವುದೂ ಅವನ ಕೈಯಿಂದಲೇ. ನಿಮ್ಮೂರ ಬಾಪುವಿಗೆ ಚಹಾದ ಜತೆ ಒಂದು ಚೀಟಿಯನ್ನೂ ಕೊಡಿ: ಮೊದಲು ವೋಲ್ಟೇಜು, ಆಮೇಲೆ ಗ್ರೌಂಡು, ಆಮೇಲೆ ಒಂದೊಂದೇ ತಂತಿ. ಕೋಡು ಕಟ್ಟಕಡೆಗೆ.